ಮುಟ್ಟಿದವರೇ ಗುಡಿಸಬೇಕು

"ನಮ್ಮಮ್ಮನ ಸಾಲು ಕಸ, ನಿಮ್ಮ ಮಗಳ ಸಾಲು ಬಂಗಾರವೇನ್ರೀ?" ಎಂದು ನಾನು ಕೂಗಿದ್ದು ಕಟ್ಟೆಯ ಆಚೆ ಸೊಪ್ಪು ಮಾರುತ್ತಿದ್ದವರಿಗೂ ಕೇಳಿಸಿತು. ತಕ್ಕಡಿ ಎತ್ತಿದವಳೊಬ್ಬಳು ಎತ್ತಿದಂತೆಯೇ ನಿಂತಳು. "ದ್ಯಾವಕ್ಕ, ಮೆಲ್ಲಗೆ" ಎಂದಳು ಜೈತುನ್. "ಏನು ಮೆಲ್ಲಗೆ? ಗುಡಿಸು ಗುಡಿಸು ಅಂತ ಶುರು ಹಚ್ಚಿದ್ದು ನೀನು. ಈಗ ನನ್ನ ಬಾಯಿ ಮುಚ್ಚಿಸ್ತೀಯಾ?" ಎಂದೆ. ಸಿದ್ದಯ್ಯನವರು ಮಾತ್ರ ಕಟ್ಟೆಯ ಮೇಲೆ ಕೂತಲ್ಲೇ ಕೂತಿದ್ದರು. ಗೋಡೆ ಒರೆಸುವ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡುತ್ತಿದ್ದರು. ಹಿಂಡಲು ಅದರಲ್ಲಿ ನೀರೇ ಉಳಿದಿರಲಿಲ್ಲ. "ಇದೊಂದು ಸಲ ಬಿಡಿ ಅಂದೆ, ಅಷ್ಟೇ ಕಣಮ್ಮಾ" ಎಂದರು. ಆ ಮಾತೇ ನನ್ನ ಮೈಗೆ ಬೆಂಕಿ ಇಟ್ಟದ್ದು. ಅದೇ ಕಟ್ಟೆಯ ಮುಂದೆ ನಿಂತು, ಒಂದಕ್ಷರ ಬದಲಿಲ್ಲದೆ ಅದೇ ಮಾತನ್ನು ನಾನೊಮ್ಮೆ ಅವರ ಮುಂದೆ ಆಡಿದ್ದೆ. ಅವರು ಬಿಟ್ಟಿರಲಿಲ್ಲ.

ನಾನು ಈ ಊರಿನ ನೀರುಗಂಟಿ. ಊರಿಗೆ ನೀರು ಬಿಡುವುದು ನನ್ನ ಕೆಲಸ. ಹಳ್ಳಿಯ ಶಾಲೆಯಲ್ಲಿ ಓದಿದವಳು, ಬಾಯಿ ಸ್ವಲ್ಪ ಜೋರು, ಅದನ್ನು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮಲ್ಲಿ ಯಂತ್ರಗಳು ಯಾವಾಗ ಏನು ಮಾಡಬೇಕೆಂದು ಹೇಳುವ ಬರಹಕ್ಕೆ ಡ್ರೈವರ್ ಅನ್ನುತ್ತಾರೆ. ಎಲ್ಲ ಯಂತ್ರಗಳ ಡ್ರೈವರೂ ಕಟ್ಟೆಯ ಹಿಂದಿನ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿರುತ್ತದೆ. ಗೋಡೆಯಲ್ಲಿ ಏನಿದೆಯೋ ಯಂತ್ರ ಅದನ್ನೇ ಕೇಳುತ್ತದೆ. ಗೋಡೆಗೆ ಬೀಗವಿಲ್ಲ. ಯಾರು ಬೇಕಾದರೂ ಓದಬಹುದು, ಬೇರೆ ಊರವರು ಬಂದು ನಕಲು ಮಾಡಿಕೊಂಡು ಹೋಗಬಹುದು, ತಪ್ಪು ಕಂಡವರು ತಿದ್ದುಪಡಿ ತರಬಹುದು. ತಿದ್ದುಪಡಿಗೆ ನಾವು ತೇಪೆ ಎನ್ನುತ್ತೇವೆ. ತೇಪೆ ತಂದವರು ಕಟ್ಟೆಯ ಮುಂದೆ ನಿಂತು ಅದನ್ನು ಓದಬೇಕು. ಕಟ್ಟೆಯ ಮೇಲಿರುವವರು ಪ್ರತಿ ಸಾಲಿಗೂ ತಕರಾರು ತೆಗೆಯುತ್ತಾರೆ. ಕೊನೆಗೆ ತಲೆಯಾಡಿಸಿದರೆ ಗೋಡೆಗೆ ಏರುತ್ತದೆ. ಒಬ್ಬರು ಬೇಡವೆಂದರೂ ಇಲ್ಲ. ಆಗ ಕಟ್ಟೆಯ ಮೇಲೆ ಕೂರುತ್ತಿದ್ದವರು ಇಬ್ಬರೇ. ಗೋಡೆಯನ್ನು ತಲೆ ನೆರೆಯುವವರೆಗೆ ಕಾಯ್ದ ಸಿದ್ದಯ್ಯನವರು, ಮತ್ತು ಅವರ ಕೈಕೆಳಗೇ ಕಲಿತ ಮೇಲ್ಗೇರಿಯ ಜೈತುನ್.

ಬರೆದವರ ದನಿ ಸಾಲಿನಲ್ಲೇ ಉಳಿಯುತ್ತದೆ. ಬರೆದವರು ಬದುಕಿರುವ ತನಕ ಅದು ಕೇಳಿಸುವುದಿಲ್ಲ. ಅವರು ಹೋದ ಮೇಲೆ, ಯಂತ್ರ ಆ ಸಾಲಿಗೆ ಬಂದಾಗಲೆಲ್ಲ ಕೇಳಿಸುತ್ತದೆ. ಶಾಲೆಯ ಗಂಟೆ ಬಾರಿಸುವ ಮೊದಲು ಒಮ್ಮೆ ಕೆಮ್ಮುತ್ತದೆ, ಮಕ್ಕಳೆಲ್ಲ ತಿರುಗಿ ಕೆಮ್ಮುತ್ತಾರೆ. ಪೇಟೆಯ ಒಂದು ದೀಪದ ಕಂಬ ಹೊತ್ತಿಕೊಳ್ಳುವ ಮುಂಚೆ "ಥೂ" ಎನ್ನುತ್ತದೆ. ಅದನ್ನು ಬರೆದ ರಂಗಜ್ಜನಿಗೆ ಎಲೆ ಅಡಿಕೆ ಚಟ. ಆ ಕಂಬದ ಕೆಳಗೆ ಬಿಳಿ ಬಟ್ಟೆ ಉಟ್ಟವರು ಯಾರೂ ನಿಲ್ಲುವುದಿಲ್ಲ. ನೇಕಾರರ ಕೇರಿಯ ಒಬ್ಬಾಕೆ ಗಂಡ ಹೋದ ಮೇಲೂ ಮಗ್ಗದ ಜೊತೆ ದಿನಾ ಜಗಳವಾಡುತ್ತಾಳೆ, ಅದು "ನಿನಗೇನು ಗೊತ್ತು" ಅಂತಲೇ ಶುರುವಾಗುತ್ತದಂತೆ. ಜಗಳವಾಡಿ ಬಂದ ದಿನ ಆಕೆಯ ಮುಖ ಗೆಲುವಾಗಿರುತ್ತದೆ.

ಹೀಗಾಗಿ ಹಿಂದೆ ಗೋಡೆಯಿಂದ ಒಂದು ಸಾಲನ್ನೂ ಯಾರೂ ಒರೆಸುತ್ತಿರಲಿಲ್ಲ. ಸುಮ್ಮನೆ ಸೇರಿಸುತ್ತ ಹೋದರು. ಒಂದು ಬೇಸಿಗೆಯಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಬೆಂಕಿಯ ಗಂಟೆಯೊಳಗೆ ಇದ್ದ ಹಿರಿಯರೆಲ್ಲ ತಮ್ಮ ತಮ್ಮ ಮಾತು ಮುಗಿಸಿ ಅದು ಬಾರಿಸುವ ಹೊತ್ತಿಗೆ ಬಣವೆ ಹೋಗಿ ಪಕ್ಕದ ಮನೆಗಳೂ ಹೋಗಿದ್ದವು. ಆಮೇಲೆ ಸಿದ್ದಯ್ಯನವರು ನಿಯಮ ತಂದರು. ಕೆಲಸವಿಲ್ಲದ ಸಾಲು ಗೋಡೆಯ ಮೇಲೆ ಇರಕೂಡದು. ಯಾವ ಡ್ರೈವರಿಗೆ ತೇಪೆ ಹಾಕುತ್ತೀರೋ ಅದರಲ್ಲಿರುವ ಕಸವನ್ನು ಮೊದಲು ನೀವೇ ಗುಡಿಸಬೇಕು, ಒರೆಸುವ ಮುಂಚೆ ಆ ಸಾಲನ್ನು ಗಟ್ಟಿಯಾಗಿ ಓದಬೇಕು. ಮುಟ್ಟಿದವರೇ ಗುಡಿಸಬೇಕು. ಊರು ಬೈದುಕೊಂಡೇ ಒಪ್ಪಿತು.

ನಮ್ಮಮ್ಮ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಕಲ್ಲು ತಿರುಗುವ ಮುಂಚೆ ಕಾಳು ಸುರಿದವರು ಕೈ ಈಚೆ ತೆಗೆಯಲಿ ಅಂತ ಅವಳೊಂದು ಸಾಲು ಬರೆದಿದ್ದಳು. ಅವಳು ಹೋದ ಮೇಲೆ ಗಿರಣಿ ಪ್ರತಿ ಸಲ "ಕೈ ತೆಗೀ, ಕೈ ತೆಗೀ" ಎನ್ನುತ್ತಿತ್ತು. ಥೇಟ್ ಅವಳದೇ ಗದರಿಕೆ. ಮುಂದೆ ಗಿರಣಿಯ ಬಾಯಿಗೆ ಕಬ್ಬಿಣದ ಜಾಲರಿ ಬಂತು, ಕೈ ಒಳಗೆ ಹೋಗುವ ಮಾತೇ ಇಲ್ಲ. ಒಮ್ಮೆ ಗಿರಣಿ ನಡುನಡುವೆ ನಿಲ್ಲುತ್ತಿದೆ ಎಂದು ನಾನೇ ಒಂದು ತೇಪೆ ತಂದೆ. ಸಿದ್ದಯ್ಯನವರು ಅಮ್ಮನ ಸಾಲಿನ ಮೇಲೆ ಬೆರಳಿಟ್ಟು "ಇದಕ್ಕೆ ಈಗೇನು ಕೆಲಸ?" ಎಂದರು. ಇದೊಂದು ಸಲ ಬಿಡಿ ಎಂದು ಬೇಡಿಕೊಂಡೆ. ಅವರು ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಅಮ್ಮನ ಸಾಲನ್ನು ನಾನೇ ಓದಿದೆ, ನಾನೇ ಒರೆಸಿದೆ. ಆವತ್ತಿನಿಂದ ನಾನು ರಾಗಿ ಬೀಸಿಸಲು ಗಿರಣಿಗೆ ಹೋಗುವುದಿಲ್ಲ, ಪಕ್ಕದ ಮನೆಯವರ ಕೈಲಿ ಕಳಿಸುತ್ತೇನೆ.

ಇನ್ನು ನೀಲ. ಸಿದ್ದಯ್ಯನವರ ಒಬ್ಬಳೇ ಮಗಳು. ಪಂಪಿನ ಡ್ರೈವರ್ ಬರೆದವಳು ಅವಳೇ. ನಮ್ಮ ನೀರಿರುವುದು ಊರ ಕೆಳಗಿನ ಕಣಿವೆಯಲ್ಲಿ. ಅಲ್ಲಿಂದ ಮೇಲೆತ್ತುತ್ತಿದ್ದ ಹಳೇ ಮೋಟಾರಿಗೆ ಶಕ್ತಿ ಕೂಡಿಸಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಗಡಿಬಿಡಿ ಮಾಡಿದರೆ ಸುಟ್ಟೇ ಹೋಗುತ್ತಿತ್ತು. ಅದಕ್ಕಾಗಿ ವಾಲ್ವು ತೆರೆದ ಮೇಲೆ ಸ್ವಲ್ಪ ತಡೆ, ಇನ್ನೂ ಸ್ವಲ್ಪ ತಡೆ ಎಂದು ಒಂದಷ್ಟು ಸಾಲು ಬರೆದಳು. ಕಾಮಾಲೆ ಬಂದು ಆ ಹುಡುಗಿ ಹೋದ ಮೇಲೆ ಪಂಪು ತಡೆಯುವಾಗಲೆಲ್ಲ "ಬಂದೇ... ಬಂದೇ..." ಎನ್ನತೊಡಗಿತು. ಅಪ್ಪ ಹೊರಗಿನಿಂದ ಕರೆದರೆ, ಒಳಗೆ ಏನೋ ಬರೆಯುತ್ತ ಕೂತು, ತಲೆಯೆತ್ತದೆ ಅವಳು ಹಾಗೆ ಕೂಗುತ್ತಿದ್ದಳು. ಆ ದನಿ ಪೈಪಿನಲ್ಲಿ ಹರಿದು ಊರಿನ ನಲ್ಲಿಗಳ ಬಾಯಲ್ಲೆಲ್ಲ ಕೇಳಿಸುತ್ತಿತ್ತು. ಹೆಂಗಸರು ನಲ್ಲಿಯ ಹತ್ತಿರ ನಿಂತು ಹರಟುತ್ತಿರುತ್ತಿದ್ದರು, "ಬಂದೇ" ಎಂದ ಕೂಡಲೇ ಬಿಂದಿಗೆ ಇಡುತ್ತಿದ್ದರು.

ಸಿದ್ದಯ್ಯನವರು ದಿನಾ ಬೆಳಿಗ್ಗೆ ಪಂಪ್ ಮನೆಗೆ ಬರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ನಾನು ಸ್ವಿಚ್ಚಿನ ಮೇಲೆ ಕೈ ಇಡುವ ಹೊತ್ತಿಗೆ ಬಾಗಿಲಲ್ಲಿ ನಿಂತು "ನೀಲಾ" ಎಂದು ಒಂದೇ ಸಲ ಕರೆಯುತ್ತಿದ್ದರು. ನಾನು ಒತ್ತುತ್ತಿದ್ದೆ. ಒಳಗಿನಿಂದ ಅವಳು "ಬಂದೇ" ಎನ್ನುತ್ತಿದ್ದಳು. ಅವರು ಹೊರಟು ಹೋಗುತ್ತಿದ್ದರು. ಇದರ ಬಗ್ಗೆ ನಾವಿಬ್ಬರೂ ಯಾವತ್ತೂ ಒಂದು ಮಾತು ಆಡಿದವರಲ್ಲ. ಅವರ ಮೇಲೆ ನನಗೆ ಕೋಪ ಇದ್ದೇ ಇತ್ತು. ಆದರೂ ಅವರು ಬರುವುದು ತಡವಾದರೆ ನಾನು ಸ್ವಿಚ್ಚು ಒತ್ತದೆ, ಏನನ್ನೋ ಒರೆಸುತ್ತ ನಿಂತಿರುತ್ತಿದ್ದೆ.

ಹಳೇ ಮೋಟಾರು ಸೋತಿತೆಂದು ಊರು ಹೊಸದನ್ನು ತಂದಿತು. ಹಳೆಯದನ್ನು ಕೆಳಗಿನ ಊರಿನವರು, ಅದರ ಡ್ರೈವರನ್ನೂ ನಕಲು ಮಾಡಿಕೊಂಡು, ಗಾಡಿಯಲ್ಲಿ ಹೇರಿಕೊಂಡು ಹೋದರು. ಹೊಸ ಮೋಟಾರು ಒತ್ತಿದ ಕೂಡಲೇ ಏಳುತ್ತದೆ. ಆದರೆ ಡ್ರೈವರ್ ಹಳೆಯದೇ. ವಾಲ್ವು ತೆರೆದು ಸುಮ್ಮನೆ ತಡೆಯುತ್ತ ನಿಂತರೆ, ಪೈಪಿನಲ್ಲಿ ನಿಂತಿದ್ದ ನೀರೆಲ್ಲ ತಿರುಗಿ ಕಣಿವೆಗೆ ಇಳಿಯುತ್ತಿತ್ತು. ಹಳೇ ಮೋಟಾರಿನ ಕಾಲದಲ್ಲಿ ಆ ನೀರನ್ನು ಹಿಡಿದಿಡಲು ಪೈಪಿನ ಬುಡದಲ್ಲಿ ಒಂದು ಮುಚ್ಚಳವಿತ್ತು, ಹೊಸದಕ್ಕೆ ಹೊಂದುವುದಿಲ್ಲವೆಂದು ಕೂರಿಸುವಾಗ ಅದನ್ನು ಕಿತ್ತಿದ್ದರು. ಖಾಲಿ ಪೈಪು ಮತ್ತೆ ತುಂಬುವಷ್ಟರಲ್ಲಿ ನೀರಿನ ಹೊತ್ತು ಮುಗಿಯುತ್ತಿತ್ತು; ಕೆಳಕೇರಿಗೆ ನೀರು ಬರುತ್ತಿತ್ತು, ಮೇಲ್ಗೇರಿಗೆ ಹನಿಯೂ ಏರುತ್ತಿರಲಿಲ್ಲ. ಮೇಲ್ಗೇರಿಯ ಹೆಂಗಸರು ಕಲ್ಲು ಮೆಟ್ಟಿಲಿಳಿದು ಬಂದು ಹೊರಬೇಕಾಯಿತು. ಜೈತುನಳ ಅತ್ತೆ ತುಂಬಿದ ಕೊಡದ ಜೊತೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು.

ನಾನು ತೇಪೆ ಬರೆದೆ. ಬಹಳ ಚಿಕ್ಕ ತೇಪೆ. ಮೊದಲು ವಾಲ್ವು ತೆರೆ, ಆಮೇಲೆ ತಡೆ ಎಂದಿದ್ದದ್ದನ್ನು ಮೊದಲು ತಡೆ, ಆಮೇಲೆ ವಾಲ್ವು ತೆರೆ ಎಂದು ಮಾಡಿದೆ. ನೀರು ಹಿಂದಕ್ಕೆ ಹೋಗುವುದಿಲ್ಲ, ನೀಲಳೂ ಎಲ್ಲಿಗೂ ಹೋಗುವುದಿಲ್ಲ. ಬೇಕೆಂದೇ ಹಾಗೆ ಬರೆದೆ. ಕಟ್ಟೆಯ ಮುಂದೆ ಓದಿ ಮುಗಿಸಿದೆನೋ ಇಲ್ಲವೋ, ಜೈತುನ್ "ರಿಪೇರಿ ಸರಿಯಾಗಿದೆ ಅಕ್ಕ. ಗುಡಿಸಿದ್ದೆಲ್ಲಿ?" ಎಂದಳು. "ಹೊಸ ಮೋಟಾರಿಗೆ ತಡೆಯೋ ಅಗತ್ಯಾನೇ ಇಲ್ಲ. ಅಂದ ಮೇಲೆ ಈ ಸಾಲುಗಳನ್ನ ಹಿಂದೆ ಮುಂದೆ ಮಾಡೋದೇನು, ತೆಗೆದರೆ ಆಯ್ತಲ್ಲ."

"ಇದ್ದರೆ ನಿನಗೇನು ಭಾರ?" ಎಂದೆ.

"ನನಗಲ್ಲ, ಗೋಡೆಗೆ. ಇವತ್ತು ಇದನ್ನ ಬಿಟ್ಟರೆ ನಾಳೆ ನಮ್ಮ ಮಾವಂದು ಬಿಡಿ ಅಂತ ಇನ್ನೊಬ್ಬರು ಬರ್ತಾರೆ. ನಮ್ಮಣ್ಣನ ಸಾಲು ಒರೆಸುವಾಗ ನಾನು ಬಾಯಿ ಬಿಟ್ಟೆನಾ? ಈ ನಿಯಮ ನನಗೆ ಕಲಿಸಿದ್ದು ನೀವೇ ಅಲ್ವಾ ತಾತ?"

ಆಗ ಸಿದ್ದಯ್ಯನವರು ಇದೊಂದು ಸಲ ಬಿಡಿ ಎಂದದ್ದು, ನಾನು ಕೂಗಿದ್ದು. ಅವರ ಪರವಾಗಿ ತೇಪೆ ಬರೆದು ತಂದವಳು ನಾನು. ಅವರ ಬಾಯಿಂದ ಆ ಮಾತು ಬಿದ್ದ ಕೂಡಲೇ ಅವರ ಮೇಲೇ ಬಿದ್ದೆ. ಸಿಟ್ಟಿಗೆ ಕಣ್ಣಿರುವುದಿಲ್ಲವಲ್ಲ, ನನ್ನದಕ್ಕಂತೂ ಇಲ್ಲ. "ಅವತ್ತು ನನ್ನ ಕೈಗೆ ಬಟ್ಟೆ ಕೊಟ್ಟಿರಿ. ಇವತ್ತು ನಿಮ್ಮ ಕೈಗೆ ಯಾರು ಕೊಡ್ತಾರೆ?" ಎಂದೂ ಕೇಳಿದೆ. ಸೊಪ್ಪಿನವರು ತಲೆ ತಗ್ಗಿಸಿ ಕಟ್ಟು ಎಣಿಸತೊಡಗಿದರು. ಸಿದ್ದಯ್ಯನವರು ಬಟ್ಟೆಯನ್ನು ಕಟ್ಟೆಯ ಮೇಲಿಟ್ಟರು. ತಲೆಯಾಡಿಸದೆ ಎದ್ದು ಮನೆಗೆ ಹೋದರು.

ಆವತ್ತು ಸಂಜೆ ಜೈತುನ್ ಎರಡು ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ತಡೆಯಲಾಗದೆ ಹೇಳಿದೆ, "ಒಂದು ತಲೆಯಾಡಿಸಿದ್ದರೆ ಈ ಹೊರೆ ಇರ್ತಿರಲಿಲ್ಲವಲ್ಲೇ, ಹಟಮಾರಿ." ಅವಳು ನಿಂತು ಉಸಿರು ಬಿಟ್ಟಳು. "ತಲೆಯಾಡಿಸಿದ್ದರೆ ನಾಳೆಯಿಂದ ಕಟ್ಟೆ ಮೇಲೆ ಕೂರೋಕೆ ನನಗೆ ಮುಖ ಇರ್ತಿರಲಿಲ್ಲ ಅಕ್ಕ. ನೀರು ಹೊರೋದು ಅದಕ್ಕಿಂತ ಹಗುರ." ಮತ್ತೆ ಎರಡು ಮೆಟ್ಟಿಲು ಹತ್ತಿ ತಿರುಗಿದಳು. "ನಮ್ಮತ್ತೆ ಮಲಗಿದಲ್ಲಿಂದ ಬೈತಾ ಇದಾರೆ. ನಿಮ್ಮನ್ನಲ್ಲ, ನನ್ನನ್ನೇ."

ಮರುದಿನ ಬೆಳಿಗ್ಗೆ ಸಿದ್ದಯ್ಯನವರು ಎಂದಿನಂತೆ ಪಂಪ್ ಮನೆಗೆ ಬಂದರು. ಬಾಗಿಲಲ್ಲಿ ನಿಂತರು. ನಾನು ಸ್ವಿಚ್ಚಿನ ಮೇಲೆ ಕೈ ಇಟ್ಟು ಕಾದೆ. ಅವರು ಕರೆಯಲಿಲ್ಲ.

"ಕರೀರಿ" ಎಂದೆ.

"ಇವತ್ತು ಬೇಡ ದ್ಯಾವಮ್ಮ."

"ನಾನು ತೇಪೆ ವಾಪಸ್ ತಗೋತೀನಿ. ನಿನ್ನೆ ಬಾಯಿಗೆ ಬಂದದ್ದು ಅಂದುಬಿಟ್ಟೆ."

"ಬಾಯಿಗೆ ಬಂದದ್ದು ಸರಿಯಾಗೇ ಬಂತು. ತೇಪೆ ವಾಪಸ್ ತಗೊಂಡರೆ ಮೇಲ್ಗೇರಿಗೆ ನೀರು ಯಾರು ಕೊಡ್ತಾರೆ?"

"ನಾನೇ ಹೊರ್ತೀನಿ."

"ಈ ಮಂಡಿ ಇಟ್ಕೊಂಡಾ?" ಎಂದು ನನ್ನ ಕಾಲು ನೋಡಿ ಸಣ್ಣಗೆ ನಕ್ಕರು. ಮೊದಲ ಸಲ ಒಳಗೆ ಬಂದು ಹೊಸ ಮೋಟಾರನ್ನು ಮುಟ್ಟಿ ನೋಡಿದರು. ಆಮೇಲೆ ಅದರ ಕಡೆ ನೋಡುತ್ತಲೇ ಮಾತಾಡಿದರು. "ನಿಮ್ಮಮ್ಮನ ಸಾಲನ್ನ ನೀನು ಒಂದೊಂದೇ ಅಕ್ಷರವಾಗಿ ಒರೆಸ್ತಾ ಇದ್ದೆ. ನಾನು ನೋಡಿದೆ. ನೋಡಿಯೂ ಏನಂದೆ ಗೊತ್ತಾ? ಬಟ್ಟೆ ಚೆನ್ನಾಗಿ ಒದ್ದೆ ಮಾಡ್ಕೋ, ಇದ್ದಿಲು ಉಳಿಯುತ್ತೆ ಅಂದೆ."

ಅದು ನನಗೆ ನೆನಪಿತ್ತು. ಅವರಿಗೂ ನೆನಪಿರಬಹುದೆಂದು ನಾನು ಅಂದುಕೊಂಡಿರಲಿಲ್ಲ. ಒಂದು ಉಪಾಯ ಹೇಳಿದೆ. ನೀಲಳ ಸಾಲುಗಳನ್ನು ತೆಗೆದು ಡ್ರೈವರಿನ ತುದಿಗೆ ಹಾಕೋಣ, ನೀರೆಲ್ಲ ಬಿಟ್ಟು ಪಂಪು ನಿಂತ ಮೇಲೆ ಒಂದು ಸಲ ಕೂಗಲಿ, ಯಾರಿಗೂ ತೊಂದರೆಯಿಲ್ಲ, ಜೈತುನಳ ಕಾಲು ಹಿಡಿದಾದರೂ ಒಪ್ಪಿಸುತ್ತೇನೆ ಎಂದೆ.

"ಅಲ್ಲಿ ಅವಳಿಗೇನು ಕೆಲಸ?" ಎಂದರು.

ನಾನು ಸ್ವಿಚ್ಚಿನ ಮೇಲಿನ ಕೈ ತೆಗೆದೆ.

"ಕೈಲಿ ಕೆಲಸವಿಲ್ಲದೆ ಒಂದು ಗಳಿಗೆ ಕೂತವಳಲ್ಲ ನನ್ನ ಮಗಳು. ನನಗೆ ಕೇಳಲಿ ಅಂತ ಅವಳನ್ನ ಸುಮ್ಮನೆ ಕೂಗಿಸಬಾರದು" ಎಂದರು. "ಒತ್ತು, ನೀರಿಗೆ ಹೊತ್ತಾಯ್ತು."

ಒತ್ತಿದೆ. "ಬಂದೇ... ಬಂದೇ..." ಎಂದಳು. ಯಾರೂ ಕರೆದಿರಲಿಲ್ಲ. ಆ ದನಿ ಪೈಪು ಹಿಡಿದು ಮೇಲೆ ಹೋಗುವ ತನಕ ಅವರು ಮೋಟಾರಿನ ಮೇಲಿನ ಕೈ ತೆಗೆಯಲಿಲ್ಲ.

ಬಿಸಿಲೇರುವ ಹೊತ್ತಿಗೆ ಕಟ್ಟೆಯ ಮುಂದೆ ಸೇರಿದೆವು. ಸಿದ್ದಯ್ಯನವರು ಮೇಲೆ ಹತ್ತಿ ಕೂರಲಿಲ್ಲ, ತೇಪೆ ತಂದವರು ನಿಲ್ಲುವ ಜಾಗದಲ್ಲಿ ನಿಂತರು. "ತೇಪೆ ನನ್ನ ಹೆಸರಿಗೆ ಹಾಕಿ. ಮುಟ್ಟುವವನು ನಾನು" ಎಂದರು. ಜೈತುನ್ ಅವಸರದಲ್ಲಿ ಎದ್ದಳು. "ತಾತ, ನೀವೇ ಯಾಕೆ? ನಾನು ಒರೆಸ್ತೀನಿ ಬಿಡಿ." ಅವರು ಅವಳ ಕಡೆ ನೋಡಿದರು. "ನೀನು ಕೂತ್ಕೋ ಮಗಳೇ. ನೋಡಬೇಕಾದ್ದು ನಿನ್ನ ಕೆಲಸ. ಸರಿಯಾಗಿ ನೋಡು." ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಗೋಡೆಯ ಹತ್ತಿರ ಹೋದರು. ನಿಯಮದಂತೆ ಗಟ್ಟಿಯಾಗಿ ಓದಿದರು. "ತಡೆ. ಮೋಟಾರು ಏಳಲಿ. ಇನ್ನೂ ಸ್ವಲ್ಪ ತಡೆ. ಅದಕ್ಕೆ ಅವಸರ ಮಾಡಬೇಡ." ಸೊಪ್ಪಿನ ಸಾಲಿನಲ್ಲಿ ಯಾರೋ ಅಯ್ಯೋ ಎಂದರು. ಅವರು ಎಡದಿಂದ ಬಲಕ್ಕೆ, ಎಲ್ಲರಿಗೂ ಕಲಿಸಿದ ಹಾಗೆಯೇ ಒರೆಸಿದರು. ಇದ್ದಿಲಿನ ಚೂರೂ ಉಳಿಯಲಿಲ್ಲ. ತಿರುಗಿ ನೋಡಿದರು. ಜೈತುನ್ ತಲೆಯಾಡಿಸಬೇಕಿತ್ತು, ಆಡಿಸಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡೇ ಆಡಿಸಿದಳು.

ನಾನು ಹೋಗಿ ನೀರು ಬಿಟ್ಟೆ. ಪಂಪು ಕೆಮ್ಮಲೂ ಇಲ್ಲ, ಒಂದೇ ಏಟಿಗೆ ಎದ್ದಿತು. ಮೇಲ್ಗೇರಿಯಿಂದ ಹೆಂಗಸರ ಕೇಕೆ ಕೇಳಿಸಿತು, ಯಾರೋ ತಟ್ಟೆ ಬಡಿಯುತ್ತಿದ್ದರು. ಕೆಳಕೇರಿಯಲ್ಲಿ ಮಾತ್ರ ಒಂದು ಬಿಂದಿಗೆಯೂ ನಲ್ಲಿಯ ಕೆಳಗಿರಲಿಲ್ಲ. ನೀರು ಕಲ್ಲಿನ ಮೇಲೆ ಬಿದ್ದು ಬೀದಿಗೆ ಹರಿಯಿತು. "ಇದೇನೇ, ಹೇಳದೆ ಕೇಳದೆ ಬಂದುಬಿಡ್ತು" ಎಂದು ಒಬ್ಬಳು ಬಿಂದಿಗೆ ಹಿಡಿದು ಓಡಿದಳು. ಆಮೇಲೆ ಅವಳು ಏನೋ ಹೊಳೆದವಳಂತೆ ನಿಂತಳು. ನಲ್ಲಿಗೆ ಓಡಿ ಬಂದವರೆಲ್ಲ ಹಾಗೇ ನಿಂತರು. ನೀರು ಹರಿಯುತ್ತಲೇ ಇತ್ತು.

ಕಟ್ಟೆಗೆ ಮರಳಿದಾಗ ಕೆಳಗಿನ ಊರಿನ ಗಾಡಿಯ ಬೋರಣ್ಣ ಬಂದು ನಿಂತಿದ್ದ. ಪಂಪಿನ ಡ್ರೈವರಿಗೆ ಹೊಸ ತೇಪೆ ಬಿತ್ತೆಂದು ದಾರಿಯಲ್ಲೇ ಕೇಳಿ, ನಕಲು ಮಾಡಿಕೊಳ್ಳಲು ಹಲಗೆ ಹಿಡಿದಿದ್ದ. ಸಿದ್ದಯ್ಯನವರು ಕಟ್ಟೆಯ ಮೇಲೆ ತಮ್ಮ ಜಾಗದಲ್ಲಿ ಕೂತಿದ್ದರು. ಜೈತುನ್ ಅವರಿಗೆ ನೀರು ಕೊಟ್ಟಿದ್ದಳು, ಲೋಟ ತುಂಬಿದಂತೆಯೇ ಇತ್ತು. ಬೋರಣ್ಣ ನನ್ನನ್ನು ಕೇಳಿದ, "ಇಷ್ಟೇನಾ ದ್ಯಾವಮ್ಮೋರೆ? ಮಧ್ಯದಲ್ಲಿ ಖಾಲಿ ಬಿಟ್ಟಿದೀರಲ್ಲ, ಅಲ್ಲಿದ್ದದ್ದೆಲ್ಲ ಬೇಡವಾ?" ಬೇಡ ಎನ್ನಲು ಬಾಯಿ ತೆರೆದವಳು ಅಲ್ಲೇ ನಿಂತೆ.

"ನಿಮ್ಮಲ್ಲಿರೋದು ಯಾವ ಮೋಟಾರು?" ಎಂದೆ.

"ನೀವು ಕೊಟ್ಟದ್ದೇ, ಹಳೇದು. ಎದ್ದು ಕೂರೋಕೆ ಅದಕ್ಕೆ ಊಟದ ಹೊತ್ತು ಬೇಕು."

"ಹಾಗಾದ್ರೆ ಇದನ್ನ ಬರ್ಕೋಬೇಡ. ತಡೆಯದಿದ್ದರೆ ಸುಟ್ಟು ಹೋಗುತ್ತೆ. ನಿಮ್ಮ ಗೋಡೆಯಲ್ಲಿ ಏನಿದೆಯೋ ಹಾಗೇ ಇರಲಿ. ಒಂದಕ್ಷರ ಮುಟ್ಟಬೇಡಿ."

ಬೋರಣ್ಣ ನಕ್ಕ. "ಮುಟ್ಟೋರು ಯಾರು? ಆ ಹುಡುಗಿ ಬಂದೇ ಬಂದೇ ಅಂತ ಕೂಗ್ತಾನೇ ಇರ್ತಾಳೆ. ನಮ್ಮೂರಲ್ಲಿ ಯಾರಿಗೂ ಅವಳ ಗುರುತಿಲ್ಲ. ಪಾಪ, ಯಾರು ಕರೆದದ್ದಕ್ಕೆ ಓಗೊಡ್ತಾಳೋ ಅಂತ ಹೆಂಗಸರು ಮಾತಾಡ್ಕೋತಾರೆ."

ಸಿದ್ದಯ್ಯನವರು ಲೋಟ ಕೆಳಗಿಟ್ಟರು. "ಅಲ್ಲಿ ಕೆಲಸ ಇದೆ" ಎಂದರು, ನನಗಲ್ಲ, ಜೈತುನಳಿಗೂ ಅಲ್ಲ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಕಟ್ಟೆಯ ಅಂಚಿಗೆ ಮಡಚಿ ಹಾಕಿದರು. ಜೈತುನಳ ತಲೆಯ ಮೇಲೆ ಒಮ್ಮೆ ಕೈ ಇಟ್ಟು ಕೆಳಗಿಳಿದರು. "ಎಲ್ಲಿಗೆ ಸಿದ್ದಯ್ಯನೋರೇ, ಊಟದ ಹೊತ್ತಲ್ಲಿ?" ಎಂದೆ. ಅವರ ಮನೆಗೆ ಹೋಗಲು ಬಾವಿಯ ಹತ್ತಿರ ಎಡಕ್ಕೆ ಹೊರಳಬೇಕು. ಹೊರಳಲಿಲ್ಲ. ಬೋರಣ್ಣನ ಗಾಡಿಯ ಹಿಂದೆ ಇಳಿಜಾರಿನ ದಾರಿ ಹಿಡಿದರು. ನಾನು ಮತ್ತೆ ಕೂಗಿದೆ. ಕೈ ಎತ್ತಿದರು, ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನೀರು ಬಿಡುವ ಹೊತ್ತಾಗಿತ್ತು. ನಾನು ಸ್ವಿಚ್ಚು ಒತ್ತದೆ, ಏನನ್ನೋ ಒರೆಸುತ್ತ ಪಂಪ್ ಮನೆಯ ಬಾಗಿಲಲ್ಲಿ ನಿಂತೆ. ಮೇಲಿನಿಂದ ಬಿಂದಿಗೆ ಬಡಿಯುವ ಸದ್ದು, ನನ್ನನ್ನು ಬೈಯುವ ಸದ್ದು ಎರಡೂ ಕೇಳಿಸುತ್ತಿದ್ದವು. ಅವರು ಬರಲಿಲ್ಲ. ಆಮೇಲೂ ಬರಲಿಲ್ಲ.